ಬೀಗಿತಿಯ ಕೆಂಪು ಸೇಬು

ಆ ಭಾನುವಾರ ಶುಶಾನಿಕ್ ಒಂದೇ ಮೇಜನ್ನು ಎಷ್ಟು ಸಲ ಒರೆಸಿದಳೋ! "ಇನ್ನೂ ಒರೆಸಿದರೆ ಮೇಜೇ ಸವೆದುಹೋಗುತ್ತೆ, ಕೂತ್ಕೋ" ಎಂದು ಗದರಿದೆ. ಕೂತಳು, ಎದ್ದಳು, ಪರದೆ ಸರಿಸಿ ರಸ್ತೆ ನೋಡಿದಳು.

ಈ ಪರದೇಶದ ರೇನರ್ಸ್ ಲೇನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವಳು. ಅರ್ಮೇನಿಯಾದ ಗ್ಯುಮ್ರಿಯಿಂದ ಕೂಸು ಎತ್ತಿಕೊಂಡು ಬಂದವಳು. ಗಂಡ ತೀರಿಕೊಂಡ ಮೇಲೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದುಡಿದು ಮಗಳನ್ನು ಓದಿಸಿದಳು. ಕೌನ್ಸಿಲ್‌ನವರು ಕಸ ಒಯ್ಯದಿದ್ದರೆ ಇಡೀ ಬೀದಿಯ ಪರವಾಗಿ ಜಗಳಕ್ಕೆ ನಿಲ್ಲುವವಳು ಅವಳೇ. ಅಂಥವಳು ಬೀಗಿತಿ ಬರುತ್ತಾಳೆಂದು ನಡುಗುತ್ತಿದ್ದಳು.

ಮಗಳು ನಾರೆಯ ಮದುವೆಯಾಗಿ ವಾರವಾಗಿತ್ತು. ಅವರಲ್ಲೊಂದು ಹಳೆಯ ಪದ್ಧತಿ. ಮೊದಲ ರಾತ್ರಿಯ ಹಾಸಿಗೆಯಲ್ಲಿ ರಕ್ತದ ಕಲೆ ಕಂಡರೆ, ವರನ ಕಡೆಯವರು ಹುಡುಗಿಯ ತಾಯಿಗೆ ತಟ್ಟೆ ತುಂಬ ಕೆಂಪು ಸೇಬು ತಂದುಕೊಡುತ್ತಾರೆ, ನಿಮ್ಮ ಮಗಳು ಶುದ್ಧ ಎಂದು. ಎಷ್ಟೋ ಮನೆಗಳಲ್ಲಿ ಈಗ ಅದನ್ನು ಬಿಟ್ಟಿದ್ದಾರೆ. ಬೀಗಿತಿ ಹೈಕನುಷ್ ಏನು ಮಾಡುತ್ತಾಳೋ ಗೊತ್ತಿರಲಿಲ್ಲ. ಗಂಡನ ಜೊತೆಗಿರುವ ಕೊಲಿಂಡೇಲ್‌ನ ಫ್ಲಾಟಿನಿಂದ ನಾರೆ ಮಾತ್ರ ಫೋನು ಮಾಡಿ, "ಅಮ್ಮ, ಆ ಸೇಬು ನೀನು ತಗೊಂಡರೆ ನಾನು ಮತ್ತೆ ನಿನ್ನ ಮನೆಗೆ ಬರಲ್ಲ" ಎಂದು ಹೇಳಿ ಇಟ್ಟುಬಿಟ್ಟಿದ್ದಳು.

"ಬೇಡ ಅಂದುಬಿಡು" ಎಂದೆ.

"ಬೇಡ ಅಂದರೆ ಅತ್ತೆಯ ಎದುರು ಅವಳ ಗತಿ ಏನು? ತರದೇ ಬಂದರೆ ಇನ್ನೂ ಕೆಟ್ಟದ್ದು. ನನ್ನ ತಂಗಿ ಜರುಹಿಗೆ ಸೇಬು ಬರಲಿಲ್ಲ, ವೈದೇಹಿ. ಗಂಡನ ಮನೆಯವರು ಅವಳನ್ನೇ ವಾಪಸು ಕಳಿಸಿದರು. ಅಮ್ಮ ಆಮೇಲೆ ಬೀದಿಗೆ ಮುಖ ತೋರಿಸಲಿಲ್ಲ."

ಬೆಲ್ಲು ಹೊಡೆಯಿತು. ಬಾಗಿಲು ತೆರೆದರೆ ಕೆಂಪು ಸೇಬು! ಹಿಡಿದು ನಿಂತವರು ನನ್ನ ಗಂಡ, ಧಾರವಾಡದ ಡಾಕ್ಟರ್ ಚಂದ್ರಶೇಖರ್.

"ಹೊಸ ಬೀಗರು ಬರ್ಲಿಕ್ಹತ್ತಾರಂತ, ಬರೇ ಕೈಲೆ ಹ್ಯಾಂಗ ಬರೋದು? ಛಲೋ ಕೆಂಪು ನೋಡಿ ಆರಿಸೀನಿ."

"ನಿಮಗ ಬಾಳೆಹಣ್ಣು ಸಿಗಲಿಲ್ಲೇನ್ರಿ?" ಎಂದು ಸೇಬಿನ ಸಮೇತ ಅವರನ್ನು ಮನೆಗೆ ಅಟ್ಟಿದೆ.

ಶುಶಾನಿಕ್ ಗೋಡೆ ಹಿಡಿದು ಕೂತುಬಿಟ್ಟಿದ್ದಳು. ನಗುತ್ತಿದ್ದಾಳೆ ಎಂದುಕೊಂಡೆ, ಅಳುತ್ತಿದ್ದಳು. "ಆ ಬಣ್ಣ ಕಂಡದ್ದೇ ನನ್ನ ಜೀವ ತಂಪಾಯಿತು. ಛೀ! ಜರುಹಿಯ ಅಕ್ಕ ನಾನು. ನನಗೇ ಸಮಾಧಾನವಾಯಿತಲ್ಲ!"

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಪದ್ಧತಿಯ ಮೇಲೆ ಮಾತ್ರ, ಸೇಬುಗಳನ್ನೆಲ್ಲ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು.

ಸ್ವಲ್ಪ ಹೊತ್ತಿಗೆ ಹೈಕನುಷ್ ಬಂದಳು, ಒಬ್ಬಳೇ, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು. ಶುಶಾನಿಕ್ ಮುಖ ತೊಳೆದುಕೊಂಡು ಹೋಗಿ ಹೊಸ್ತಿಲಿಗೆ ಅಡ್ಡ ನಿಂತಳು. ಅವರ ಭಾಷೆಯಲ್ಲಿ ಅವಳು ಹೇಳಿದ್ದರ ಅರ್ಥವನ್ನು ಆಮೇಲೆ ನನಗೆ ತಿಳಿಸಿದಳು: "ನೀವು ಒಳಗೆ ಬನ್ನಿ. ತಟ್ಟೆ ಬೇಡ. ನನ್ನ ತಂಗಿಗೆ ಬರದ ಸೇಬು ನನ್ನ ಮಗಳಿಗೂ ಬೇಡ."

ಹೈಕನುಷ್ ತಟ್ಟೆಯ ಸಮೇತ ಕಾರಿನತ್ತ ನಡೆದಳು. ಮುಗಿಯಿತು ಸಂಬಂಧ ಎಂದುಕೊಂಡೆ. ಅವಳು ತಟ್ಟೆಯನ್ನು ಹಿಂದಿನ ಸೀಟಿನ ಮೇಲಿಟ್ಟು, ಬಾಗಿಲು ಹಾಕಿ, ಅಲ್ಲೇ ನಿಂತಳು. ಆಮೇಲೆ ಬರಿಗೈಯಲ್ಲಿ ತಿರುಗಿ ಬಂದು ಶುಶಾನಿಕ್‌ಳ ಕಿವಿಯಲ್ಲಿ ಏನೋ ಅಂದಳು. ಶುಶಾನಿಕ್ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಏನಂದಳು?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಅವಳ ಮದುವೆಯಲ್ಲಿ ಅವಳ ತಾಯಿಗೂ ಸೇಬು ಹೋಗಿತ್ತಂತೆ. ಹಾಸಿಗೆಯ ಮೇಲೆ ಕಲೆ ಕಾಣಲೆಂದು ಅವಳ ಗಂಡನೇ ತನ್ನ ಬೆರಳು ಕೊಯ್ದುಕೊಂಡಿದ್ದನಂತೆ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲವಂತೆ."