ಮಗ್ಗಕ್ಕೆ ಕೂಡುವ ಮೊದಲು

ರಾತ್ರಿ ಎರಡೂಕಾಲಿಗೆ ಮಗ್ಗದ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಕೈ ಚಾಚಿದೆ. ಹಾಸಿಗೆಯಲ್ಲಿ ನನ್ನ ಗಂಡ ಮಲಗುವ ಜಾಗ ತೊಯ್ದಿತ್ತು, ಇನ್ನೂ ಬೆಚ್ಚಗಿತ್ತು. ಅವರಿರಲಿಲ್ಲ.

ದೀಪ ಹಾಕಿ ನೋಡಿದರೆ ಮಗ್ಗದ ಕುಣಿಯಲ್ಲಿ ಬಿದ್ದಿದ್ದರು. ನೇಯುವಾಗ ಕಾಲು ಇಳಿಬಿಟ್ಟು ಕೂಡುವ ಆ ಕುಣಿಯಲ್ಲಿ ಒಂದು ಕಾಲು ಮಡಚಿಕೊಂಡಿತ್ತು, ಒದ್ದೆ ಧೋತರ ತೊಡೆಗೆ ಅಂಟಿತ್ತು. ಚೌಕಟ್ಟಿನ ಕಬ್ಬಿಣದ ಮೂಲೆ ಹುಬ್ಬಿನ ಮೇಲೆ ಬಡಿದು ರಕ್ತ ಇಳಿಯುತ್ತಿತ್ತು. ಎರಡು ಬೆರಳು ಕೆಳಗೆ ಬಡಿದಿದ್ದರೆ ಕಣ್ಣು. ಇದನ್ನು ಬರೆಯುವಾಗಲೂ ನನ್ನ ಕೈ ತಾನಾಗಿ ಹುಬ್ಬಿಗೆ ಹೋಗುತ್ತದೆ.

"ಲಾಳಿ ಎಲ್ಲಿಟ್ಟಿ?" ಎಂದು ನನ್ನನ್ನೇ ಗದರಿದರು. ಅವರಿಗೆ ಮರೆವಿನ ರೋಗ ಹತ್ತಿ, ಆ ಮಗ್ಗಕ್ಕೆ ನೂಲು ಹೂಡದೆ ವರ್ಷಗಳಾಗಿದ್ದವು.

ನನ್ನ ಕೂಗು ಕೇಳಿ ಹಿಂದಿನ ಮನೆಯಿಂದ ಮೈದುನ ಓಡಿ ಬಂದು ಎತ್ತಿದ. ಬೆಳಗಾದ ಮೇಲೆ ಹಲಗೆ ತಂದು ಕುಣಿ ಮುಚ್ಚಿದ. ಆಮೇಲೆ ನನ್ನ ಮುಖ ನೋಡದೆ ಮಾತು ತೆಗೆದ.

"ವೈನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ರಾತ್ರಿ ಅಣ್ಣನ ಒಂದ ಕೈ ಮಂಚಕ್ಕ ಕಟ್ಟೂಣು. ಮೆತ್ತನ್ನ ಅರಿವಿಲೆ."

"ದನಾ ಏನ್ ಅವರು?"

"ದನಾ ಅಂತ ಯಾರಂದ್ರು? ತೊಡಿ ಎಲುಬ ಮುರದ್ರ ಎತ್ತಾವ್ರು ಯಾರು, ನೀವ? ಇನ್ನೊಮ್ಮೆ ಬಿದ್ರ ನಾ ನಿಮ್ಮ ಮಾತ ಕೇಳೂದಿಲ್ಲ ನೋಡ್ರಿ."

ಅವನ ಕಣ್ಣಲ್ಲಿ ನೀರಿತ್ತು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅವನು ಹೇಳಿದಂತೆ ಮಾಡುವವನೇ.

ರೋಣದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕೇನೂ ಇರಲಿಲ್ಲ. ಕಟ್ಟುವ ಮಾತು ಕೇಳಿ ಡಾಕ್ಟರಮ್ಮ ತಲೆಯಾಡಿಸಿದರು. "ಕಟ್ಟಬ್ಯಾಡ್ರಿ. ಬಿಡಿಸ್ಕೊಳ್ಳಾಕ ಹೋಗಿ ಇನ್ನಷ್ಟು ಪೆಟ್ಟ ಮಾಡ್ಕೋತಾರ. ಹಗಲೊತ್ತು ನೀರ ಚಲೋತ್ನಂಗ ಕುಡಸ್ರಿ, ಸಂಜಿ ಚಾ ಬಿಡಸ್ರಿ. ಮಲಗೂಕಿಂತ ಮೊದಲ ಒಮ್ಮೆ ಬಚ್ಚಲಕ್ಕ ಹೋಗಿ ಬರಬೇಕು ಅಷ್ಟ."

ಅಷ್ಟೇ ಆಗುತ್ತಿರಲಿಲ್ಲ. "ಬಚ್ಚಲಕ್ಕ ಹೋಗಿ ಬರ್ರಿ" ಎಂದರೆ "ನಾ ಏನ್ ಕೂಸೇನ್? ಬಂದ್ರ ಹೋಗತೀನಿ" ಎನ್ನುವರು. ಕೈ ಹಿಡಿದರೆ ಕೊಸರುವರು. ಡೈಪರ್ ಹಾಕಿದರೆ ಕಿತ್ತು ತಲೆದಿಂಬಿನ ಕೆಳಗೆ ಬಚ್ಚಿಡುವರು. ತೊಯ್ದ ಕೌದಿ ಒಣಗಲು ಎರಡು ದಿನ ಬೇಕು, ಮಳೆಗಾಲದಲ್ಲಿ ಅದೂ ಸಾಲದು. ಕೌದಿ ತೆಗೆದಿಟ್ಟು, ರಬ್ಬರ್ ಹಾಸಿ, ಅದರ ಮೇಲೆ ನನ್ನ ಹಳೆಯ ನೂಲಿನ ಸೀರೆಗಳನ್ನು ಮಡಚಿ ಹಾಸತೊಡಗಿದೆ. ಅವುಗಳಲ್ಲಿ ಕೆಲವನ್ನು ಅವರೇ ನೇಯ್ದಿದ್ದರು. ಗದಗಿನಲ್ಲಿ ಬಿ.ಎ. ಮುಗಿಸಿ ಈ ಮನೆಗೆ ಬಂದವಳು ನಾನು. ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತುವುದನ್ನು, ಎಳೆ ಹರಿದರೆ ಬೆರಳಲ್ಲಿ ಹೊಸೆದು ಕೂಡಿಸುವುದನ್ನು ಅವರೇ ಕಲಿಸಿದ್ದರು, ಒಮ್ಮೆಯೂ ದನಿ ಎತ್ತದೆ.

ಒಂದು ರಾತ್ರಿ ಸೀರೆ ಬದಲಿಸುತ್ತಿದ್ದೆ. ಅವರು ಗೋಡೆಗೆ ಆತು ನಿಂತು ನೋಡುತ್ತಿದ್ದರು.

"ಅಕ್ಕಾರ, ಇಲ್ಲಿ ನೀರ ಯಾರ ಚೆಲ್ಯಾರ?"

ನಾನು ಯಾರೋ ಅಪರಿಚಿತ ಹೆಂಗಸಾಗಿದ್ದೆ ಆ ಹೊತ್ತಿಗೆ. "ಬೆಕ್ಕ ಚೆಲ್ಲೇತ್ರಿ" ಎಂದೆ.

"ಎಲ್ಲೈತಿ ಬೆಕ್ಕು?"

"ಓಡಿ ಹೋತ್ರಿ."

ತೊಯ್ದ ಜಾಗದ ಅಗಲ ನೋಡಿ, "ಭಾಳ ದೊಡ್ಡ ಬೆಕ್ಕ ಇರಬೇಕು" ಎಂದರು. ನಾನು ನಕ್ಕೆ. ಅವರೂ ನಕ್ಕರು, ಏಕೆಂದು ತಿಳಿಯದೆ.

ನಗುವಾಗಲೂ ನನ್ನ ಕಿವಿ ಹಿಂದಿನ ಮನೆಯ ಕಡೆಗಿರುತ್ತಿತ್ತು. ಅವರು ಹೊರಳಿದರೆ ಏಳುತ್ತಿದ್ದೆ, ಹೊರಳದಿದ್ದರೂ ಏಳುತ್ತಿದ್ದೆ. ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಒಂದು ದಿನ ಸೆರಗು ಸುಟ್ಟುಕೊಂಡೆ. ಹೀಗೆ ಎಷ್ಟು ದಿನ ಕಾಯಬಲ್ಲೆ ಎಂಬುದು ನನಗೇ ಗೊತ್ತಿರಲಿಲ್ಲ.

ಆಮೇಲೊಂದು ರಾತ್ರಿ ಕಣ್ಣು ಬಿಟ್ಟರೆ ಮತ್ತೆ ಪಕ್ಕ ಖಾಲಿ. ಹಾಸಿದ ಸೀರೆ ಮಾತ್ರ ಒಣಗಿತ್ತು. ಅವರು ಮುಚ್ಚಿದ ಕುಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಲಗೆ ಎಳೆಯುತ್ತಿದ್ದರು. ಕೂಗಿದರೆ ಬೆಚ್ಚಿ ಬೀಳುತ್ತಾರೆ, ಕೂಗು ಕೇಳಿ ಮೈದುನನೂ ಬರುತ್ತಾನೆ. ಮೆಲ್ಲಗೆ ಹತ್ತಿರ ಹೋದೆ.

"ಏನ್ ಮಾಡಾಕತ್ತೀರಿ?"

"ಮಗ್ಗಕ್ಕ ಕೂಡ್ರಬೇಕು. ಹೊತ್ತಾತು."

ಆಗ ನನ್ನ ಬಾಯಿಂದ ಅತ್ತೆಯ ಮಾತು ಬಂತು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿದೆ. ದಿನಾ ನಸುಕಿನಲ್ಲಿ ಮಕ್ಕಳಿಗೆಲ್ಲ ಅದನ್ನೇ ಹೇಳುತ್ತಿದ್ದರು.

"ಹೊರಗ ಹೋಗಿ ಬಂದೀರೇನು? ಕೈಕಾಲ ತೊಳೀದ ಮಗ್ಗಕ್ಕ ಹ್ಯಾಂಗ ಕೂಡ್ರತೀರಿ?"

ಅವರು ಹಲಗೆ ಬಿಟ್ಟರು. ತಪ್ಪು ಮಾಡಿದ ಹುಡುಗನಂತೆ ಎದ್ದು, ನಾನು ದೀಪ ಹಾಕುವಷ್ಟರಲ್ಲಿ ನೆಟ್ಟಗೆ ಬಚ್ಚಲಿಗೆ ಹೋದರು. ಒಳಗಿನ ಸದ್ದು ಕೇಳುತ್ತ ಬಾಗಿಲ ಹೊರಗೆ ನಿಂತ ನನಗೆ ಅಳು ಬಂತು. ಮೈ ಹಗುರ ಮಾಡಿಕೊಂಡು, ಕಾಲು ತೊಳೆದೇ ನೂಲು ಮುಟ್ಟಬೇಕು ಎಂಬುದು ಈ ಮನೆಯ ಕಟ್ಟಳೆ. ನನ್ನ ಹೆಸರು ಮರೆತವರು ಅದನ್ನು ಮರೆತಿರಲಿಲ್ಲ.

ಅಂದಿನಿಂದ ಬಚ್ಚಲಿನ ಮಾತೆತ್ತಲಿಲ್ಲ. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, "ಮಗ್ಗಕ್ಕ ಕೂಡ್ರತೀರೇನ್ರಿ?" ಎನ್ನುತ್ತಿದ್ದೆ. ಎದ್ದು ಹೋಗಿ, ಕೈಕಾಲು ತೊಳೆದು ಬಂದು, ಚೌಕಟ್ಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು.

"ಗಂಜಿ ಹಚ್ಚಿದ ನೂಲು ಇನ್ನೂ ಹಸಿ ಐತ್ರಿ. ಮುಂಜಾನೆ ಕೂಡ್ರುವಿರಂತ."

"ಹೌದ ಹೌದ. ಹಸಿ ನೂಲ ಎಳದ್ರ ಹರೀತೈತಿ" ಎಂದು ನನಗೇ ಪಾಠ ಹೇಳಿ ಮಲಗುವರು. ನಡುರಾತ್ರಿ ಇನ್ನೊಮ್ಮೆ ಎಬ್ಬಿಸಿ ಅದನ್ನೇ ಹೇಳುತ್ತಿದ್ದೆ. ಎಲ್ಲ ರಾತ್ರಿಯೂ ಫಲಿಸಲಿಲ್ಲ, ಸೀರೆಗಳು ತೊಯ್ಯುತ್ತಲೇ ಇದ್ದವು. ಆದರೆ ಕತ್ತಲಲ್ಲಿ ಒಬ್ಬರೇ ಎದ್ದು ಹೋಗುವುದು ಕಡಿಮೆಯಾಯಿತು. ಮೈದುನ ಬೆಳಿಗ್ಗೆ ಬಂದು ಅಣ್ಣನ ಹಣೆ ನೋಡಿ, ಚಾ ಕುಡಿದು ಹೋಗುತ್ತಿದ್ದ.

ದೀಪಾವಳಿ ಮುಗಿದ ಮೇಲಿನ ಒಂದು ಸೋಮವಾರ. ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬಿಸಿಲು. ರಾತ್ರಿ ಎಬ್ಬಿಸಬೇಕಾದ ಹೊತ್ತು ಯಾವಾಗಲೋ ಕಳೆದಿತ್ತು. ಕೈ ಚಾಚಿದೆ. ಸೀರೆ ಒಣಗಿತ್ತು, ಅವರು ಅಲ್ಲೇ ಇದ್ದರು. ಬಾಯಿ ತುಸು ತೆರೆದು, ಮೆಲ್ಲಗೆ ಗೊರಕೆ ಹೊಡೆಯುತ್ತ, ಒಂದು ಕೈಯನ್ನು ನನ್ನ ದಿಂಬಿನ ಮೇಲೆ ಚಾಚಿ ಮಲಗಿದ್ದರು. ಎರಡೂ ಕೈ ಯಾವ ಕಟ್ಟೂ ಇಲ್ಲದೆ ಬಿಡಿಯಾಗಿಯೇ ಇದ್ದವು.

"ಹಾಲ್ರಿ ಅಕ್ಕಾರ!" ಹಾಲಿನ ಹುಡುಗ ಹೊರಗಿನಿಂದ ಕೂಗಿದ.

"ಪಾತೇಲಿ ಕಟ್ಟಿ ಮ್ಯಾಲ ಐತಿ, ಹಾಕಿ ಹೋಗಪಾ" ಎಂದು ಮಲಗಿದಲ್ಲಿಂದಲೇ ಹೇಳಿ, ಮತ್ತೆ ಕಣ್ಣು ಮುಚ್ಚಿದೆ.