ಹತ್ತು ನಿಮಿಷ ಹಳೆಯ ಬಿಸಿ

ದಾಂಡೇಲಿಯ ಒಂದು ಸಣ್ಣ ಮರದ ಕಾರ್ಖಾನೆಗೆ ಕಂಪ್ಯೂಟರ್ ಕೂರಿಸಲು ಹೋದವಳು ನಾನು. ಎಂಬತ್ತರ ದಶಕದ ಕೊನೆ. ಹಲಗೆ ಒಣಗಿಸುವ ಕೋಣೆಯ ಬಿಸಿಯನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಎರಡು ಪ್ರೋಗ್ರಾಂ ಬರೆದಿದ್ದೆ, ಒಂದು ತಾಯಿ, ಒಂದು ಮರಿ. ಮರಿ ನಾಲ್ಕು ಸೆಕೆಂಡಿಗೊಮ್ಮೆ ಬಿಸಿ ಅಳೆದು ತಾಯಿಗೆ ಕಳಿಸಬೇಕು. ತಾಯಿ ಕಾಯುತ್ತ ಕೂರುವವಳಲ್ಲ. ಹೊಸ ಅಂಕಿ ಬಂದಿದ್ದರೆ ತೋರಿಸುತ್ತಾಳೆ, ಇಲ್ಲದಿದ್ದರೆ ಹಳೆಯದನ್ನೇ ಪರದೆಯ ಮೇಲೆ ಉಳಿಸಿ ಬೇರೆ ಕೆಲಸ ನೋಡುತ್ತಾಳೆ. "ಕಂಪ್ಯೂಟರ್ ತಪ್ಪು ಹೇಳೂದಿಲ್ರಿ" ಎಂದು ಮ್ಯಾನೇಜರರ ಮುಂದೆ ಜಂಬ ಕೊಚ್ಚಿದ್ದೆ. ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಎರಡೇ ವಾರದಲ್ಲಿ ಒಂದು ಕೋಣೆ ತುಂಬ ಇದ್ದ ಸಾಗವಾನಿ ಹಲಗೆಗಳು ಸೀಳುಬಿಟ್ಟವು. ಕೋಣೆಗೆ ಬಿಸಿ ಕೊಡುವ ಉಗಿಯ ವಾಲ್ವ್ ನೋಡಿಕೊಳ್ಳುತ್ತಿದ್ದವರು ಹಳಿಯಾಳ ಕಡೆಯ ಸಿದ್ದಿ ಜನಾಂಗದ ಹಿರಿಯರೊಬ್ಬರು. ಇನ್ನು ಮೇಲೆ ಪರದೆ ನೋಡಿಯೇ ವಾಲ್ವ್ ತಿರುಗಿಸಬೇಕೆಂದು ಕಟ್ಟಪ್ಪಣೆಯಾಗಿತ್ತು. ಅವರು ಹಾಗೇ ಮಾಡಿದ್ದರು. ಪರದೆಯಲ್ಲಿ ಬಿಸಿ ಏರಿದ್ದು ಕಾಣುವಷ್ಟರಲ್ಲಿ ಒಳಗೆ ಹಲಗೆಯ ಕತೆ ಮುಗಿದಿತ್ತು. ಮ್ಯಾನೇಜರರು "ನಿದ್ದಿ ಹೊಡದಾನ" ಎಂದವರೇ, ಶನಿವಾರದಿಂದ ಬರುವುದು ಬೇಡ ಎಂದು ಅವರಿಗೆ ಹೇಳಿಬಿಟ್ಟರು.

ಪರದೆಗೆ ಏನಾಗಿದೆಯೆಂದು ಹುಡುಕುತ್ತ ನಾನು ತಂತಿ ಬದಲಿಸಿದೆ. ವೋಲ್ಟೇಜಿಗೆ ಬೈದೆ, ಇಲಿಗಳಿಗೆ ಶಾಪ ಹಾಕಿದೆ. ಮರಿಯನ್ನು ಒಂಟಿಯಾಗಿ ಓಡಿಸಿದರೆ ಅಂಕಿಗಳು ಪಟಪಟ ಬೀಳುತ್ತವೆ. ತಾಯಿಯ ಕೈಕೆಳಗೆ ಬಿಟ್ಟರೆ ಹತ್ತು ನಿಮಿಷ ಸುದ್ದಿಯಿಲ್ಲ, ಆಮೇಲೆ ಒಮ್ಮೆಲೇ ರಾಶಿ! ಥೂ, ಇದೆಂಥ ಪೀಡೆ! ತಲೆ ಚಿಟ್ಟು ಹಿಡಿದುಹೋಯಿತು.

ಶುಕ್ರವಾರ ಆ ಹಿರಿಯರು ಸೀಳಿದ ಹಲಗೆಯ ಚೂರುಗಳನ್ನು ಹೊರಗೆ ಹಾಕುತ್ತಿದ್ದರು. ಅರ್ಧ ತುಂಬಿದ ಬುಟ್ಟಿ ನನ್ನ ದಾರಿಗೆ ಅಡ್ಡ ಕೂತಿತ್ತು.

"ಇದನ್ನ ಒಯ್ಯಬಾರದೇನ್ರಿ?" ಸಿಡುಕಿದೆ.

"ಬುಟ್ಟಿ ತುಂಬಲಿ ತಡೀರಿ ಬಾಯಾರ. ನಾಕ ಚೂರಿಗೆ ಒಂದ ಸಲ ತಿರುಗಾಡಿದ್ರ ಕಾಲಾಗ ಜೀವ ಉಳೀತೈತೇನು?"

ಅಯ್ಯೋ ದೇವರೇ! ಮರಿಯೂ ಮಾಡುತ್ತಿದ್ದುದು ಇದನ್ನೇ. ತಾಯಿಗೆ ಕಳಿಸುವಾಗ ಅಂಕಿಗಳನ್ನು ಕೂಡಿಟ್ಟು, ತುಂಬಿದ ಮೇಲೆ ಸುರಿಯುತ್ತಿತ್ತು. ಆಗಿಂದಾಗಲೇ ಕಳಿಸು ಎಂಬ ಒಂದೇ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಬರೆದೆ. ಅಂಕಿಗಳು ತಡವಿಲ್ಲದೆ ಬರತೊಡಗಿದವು. ಖುಷಿಯೇನೂ ಆಗಲಿಲ್ಲ, ಮೈಯೆಲ್ಲ ನಾಚಿಕೆ.

ತಪ್ಪು ನನ್ನದೆಂದು ಕಾಗದದಲ್ಲಿ ಬರೆದು, ರುಜು ಹಾಕಿ ಮ್ಯಾನೇಜರರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಮುಖ ಗಂಟಿಕ್ಕಿಕೊಂಡು, ಹಿರಿಯರು ಶನಿವಾರದಿಂದಲೂ ಎಂದಿನಂತೆ ಬರಲಿ ಎಂದರು. ನಾನೇ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಹಂಗಾರ ಈಗ ನಿಮ್ಮನ್ನ ತಗದ ಹಾಕೂದಿಲ್ಲಲ್ರಿ, ಬಾಯಾರ?" ಎಂದು ಕೇಳಿದರು.