ಎರಡೂ ತೋಳು ಅಳೆಯುವವಳು

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಮುಚ್ಚಿಟ್ಟು ಏನು ಮಾಡಲಿ, ಹೊಟ್ಟೆಕಿಚ್ಚು. ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು. ಅಂಗಿ ಹೊಲಿಯುವ ಕಾರ್ಖಾನೆಗೆ ಅವಳನ್ನು ಕೈಹಿಡಿದು ಕರೆತಂದವಳೂ ನಾನೇ.

ನಮ್ಮದು ಕೊನೆಯ ಕೋಣೆ. ಹೊಲಿದು ಬಂದ ಅಂಗಿಯ ಗುಂಡಿ, ಕಾಲರು, ತೋಳು ನೋಡಿ, ಉಳಿದ ದಾರ ಕತ್ತರಿಸಿ, ಇಪ್ಪತ್ತಕ್ಕೊಂದು ಕಟ್ಟು ಮಾಡಿ, ಮೇಲಿನ ಅಂಗಿಯ ಜೇಬಿಗೆ ನಮ್ಮ ನಂಬರಿನ ಚೀಟಿ ಇಡಬೇಕು. ನನ್ನದು ಹದಿನೇಳು, ಅವಳದು ಹದಿನೆಂಟು. ಒಂದು ತೋಳು ಅಳೆದರೆ ಸಾಕು ಎಂಬುದು ನಮ್ಮೆಲ್ಲರ ರೂಢಿ. ಅವಳು ಮಾತ್ರ ಎರಡನ್ನೂ ಅಳೆಯುತ್ತಿದ್ದಳು.

"ಯಾಕೆ, ಇನ್ನೊಂದು ತೋಳು ಬೇರೆ ಊರಿಂದ ಬಂದಿದ್ಯಾ?" ಎಂದು ನಾನು ಕೆಣಕುತ್ತಿದ್ದೆ. ಅವಳು ನಕ್ಕು ಅಳೆಯುತ್ತಲೇ ಇರುತ್ತಿದ್ದಳು.

ಒಂದು ಗುಂಡಿ ಸಡಿಲವಾಗಿ ಹೋಗಿದ್ದರೂ ತಾನೇ ಓಡಿಹೋಗಿ, "ಸಾರ್, ಆ ಕಟ್ಟು ಬಿಚ್ಚಿ, ನಾನು ಸರಿಯಾಗಿ ನೋಡಿಲ್ಲ" ಎನ್ನುವವಳು. ಮೂರೇ ವರ್ಷದಲ್ಲಿ ಮೇಲ್ವಿಚಾರಕರು, "ಹದಿನೆಂಟಾ? ಹಾಗಾದ್ರೆ ಮತ್ತೆ ನೋಡೋದೇ ಬೇಡ" ಅನ್ನತೊಡಗಿದರು. ಒಂಬತ್ತು ವರ್ಷ ಕಣ್ಣು ಸವೆಸಿದ ನನ್ನ ಕಟ್ಟುಗಳನ್ನು ಮಾತ್ರ ತಿರುವಿ ತಿರುವಿ ನೋಡುತ್ತಿದ್ದರು. ಮನೆಯಲ್ಲೂ ಅದೇ ಪಾಡು, ಅತ್ತೆ ಬೀರುವಿನ ಬೀಗದ ಕೈ ಕೊಡುತ್ತಿದ್ದುದು ಅವಳಿಗೇ.

ಆ ವರ್ಷ ನಮ್ಮ ಕೋಣೆಯ ಹಿರಿಯಾಕೆ ಕೆಲಸ ಬಿಡುವವರಿದ್ದರು. ಕಿಟಕಿ ಪಕ್ಕದ ಅವರ ಮೇಜು, ಅಂದರೆ ಕೋಣೆಯ ಹಿರಿತನ, ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅದೇ ವಾರ, ನಾನು ನೋಡಿ ಮುಗಿಸಿದ ಒಂದು ಕಟ್ಟಿನಲ್ಲಿ ಬಲತೋಳು ಎರಡು ಬೆರಳು ಗಿಡ್ಡವಿರುವುದು ಕಣ್ಣಿಗೆ ಬಿತ್ತು. ಇಪ್ಪತ್ತೂ ಹಾಗೆಯೇ. ಬಿಚ್ಚಿ ತೋರಿಸಿದರೆ ಮೇಜು ಕೈತಪ್ಪುತ್ತದೆ. ಓರಗಿತ್ತಿ ನೀರು ಕುಡಿಯಲು ಹೋಗಿದ್ದಳು, ಅವಳ ಚೀಟಿಯ ಡಬ್ಬಿ ಅಲ್ಲೇ ಇತ್ತು. ಹದಿನೇಳು ತೆಗೆದು ಹದಿನೆಂಟು ಇಟ್ಟೆ. ಒಮ್ಮೆಯಾದರೂ ಅವಳೂ ತಲೆ ತಗ್ಗಿಸಲಿ ಅನ್ನಿಸಿತ್ತು.

ಮರುದಿನ, ಪೆಟ್ಟಿಗೆಗೆ ತುಂಬುವವರು ಹಿಂದಿರುಗಿಸಿದ ಆ ಕಟ್ಟನ್ನು ಮೇಲ್ವಿಚಾರಕರು ತಂದು ಅವಳ ಮುಂದೆ ಹಾಕಿದರು. "ಇದು ನಿಂದೇನಮ್ಮಾ?"

ಅಲ್ಲ ಎಂದಿದ್ದರೆ ಅವರು ನಂಬಿಬಿಡುತ್ತಿದ್ದರು. ಅವಳು ಚೀಟಿ ನೋಡಿದಳು, ತೋಳು ನೋಡಿದಳು. "ಈ ಕಟ್ಟು ನೋಡಿದ್ದು ನೆನಪಿಲ್ಲ ಸಾರ್. ಆದ್ರೆ ನೋಡೇ ಇಲ್ಲ ಅಂತ ಆಣೆ ಮಾಡಿ ಹೇಳೋಕೂ ಆಗಲ್ಲ. ಚೀಟಿ ನಂದೇ."

ಕಿಟಕಿ ಪಕ್ಕದ ಮೇಜು ನನಗೆ ಬಂತು. ಕುಳಿತು ಒಂದು ಗಂಟೆಯೂ ಆಗಿರಲಿಲ್ಲ, ಓರಗಿತ್ತಿ ತನ್ನ ಕಟ್ಟು ಹೊತ್ತು ನನ್ನೆದುರು ನಿಂತಳು. ಬೆಳಗಿನಿಂದ ಅವಳು ಮುಗಿಸಿದ್ದು ಅದೊಂದೇ. ಪ್ರತಿ ತೋಳನ್ನೂ ಮೂರು ಮೂರು ಸಲ ಅಳೆದಿದ್ದಳು.

"ಅಕ್ಕಾ, ಇದನ್ನ ನೀನೊಂದ್ಸಲ ನೋಡು. ಇನ್ಮೇಲೆ ನಂದೆಲ್ಲ ನೀನೇ ನೋಡಿಬಿಡು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯ್ತು."

ಅವಳಿಗೆ ಇಷ್ಟಾಗಲಿ ಎಂದು ನಾನು ಬಯಸಿರಲಿಲ್ಲ. ಅವಳು ಮತ್ತೆ ಟೇಪು ಬಿಚ್ಚುವುದನ್ನು ನೋಡಲಾರದೆ ಎದ್ದು ಮೇಲ್ವಿಚಾರಕರ ಬಳಿ ಹೋದೆ.

"ಸಾರ್, ಆ ಕಟ್ಟು ನಂದು. ಚೀಟಿ ಬದಲಾಯಿಸಿದ್ದೂ ನಾನೇ" ಎಂದೆ.

ಅಷ್ಟು ಹೇಳುವ ಮೊದಲು ಎರಡು ಸಲ ಅರ್ಧ ದಾರಿಯಿಂದ ತಿರುಗಿ ಬಂದಿದ್ದೆ. ಇಂಥದೇ ಮಾತನ್ನು ಅವಳು ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದಳು. ಹಾಳಾದ್ದು, ಅದಕ್ಕೂ ನನಗೆ ಹೊಟ್ಟೆ ಉರಿಯಿತು.